ಎಷ್ಟು ಹೋದವು, ಎಷ್ಟು ಬಂದವು

ನಮ್ಮ ಹೈಸ್ಕೂಲಿನಲ್ಲಿ ಗಣಿತದ ಪಾಠ ಆಗಾಗ ನಿಲ್ಲುತ್ತಿತ್ತು. ಬೀದರ್ ವಾಯುನೆಲೆಯಿಂದ ಕಿರಣ್ ಎಂಬ ತರಬೇತಿ ಜೆಟ್ ವಿಮಾನಗಳು ಎದ್ದವೆಂದರೆ ತಗಡಿನ ಚಾವಣಿಯೆಲ್ಲ ಅದುರುತ್ತಿತ್ತು. ಸರ್ ಸೀಮೆಸುಣ್ಣವನ್ನು ಹಲಗೆಗೆ ಒತ್ತಿ ಹಿಡಿದು ಸದ್ದು ಇಳಿಯುವ ತನಕ ಕಾಯುತ್ತಿದ್ದರು. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ ಅಭ್ಯಾಸಕ್ಕೆ ಹೊರಟ ದಿನವಂತೂ ಅವರೇ ಕಿಟಕಿಗೆ ಬರುತ್ತಿದ್ದರು. 1996ರಲ್ಲಿ ನಮ್ಮೂರಿನಲ್ಲೇ ಕಟ್ಟಿದ ತಂಡ ಅದು.

"ಎಷ್ಟ್ ಹೋದ್ವು ಲೇ ತಮ್ಮಾ?"

"ಒಂಬತ್ತ್ರೀ ಸರ್."

ಮರಳುವ ಸದ್ದು ಕೇಳಿದಾಗ ಮತ್ತೆ, "ಎಷ್ಟ್ ಬಂದ್ವು?" ಒಂಬತ್ತೂ ಬಂದವು ಅಂದ ಮೇಲೇ ಅವರ ಮುಖ ಸಡಿಲಾಗುತ್ತಿತ್ತು.

2006ರ ಮಾರ್ಚ್‌ನಲ್ಲಿ, ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಾಗ, ಆ ತಂಡದ ವಿಮಾನವೊಂದು ಬೀದರಿನಲ್ಲೇ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. ಸರ್ ಅಷ್ಟು ವರ್ಷ ಯಾಕೆ ಎಣಿಸುತ್ತಿದ್ದರೆಂದು ಅವತ್ತು ಗೊತ್ತಾಯಿತು.

ಪಿಯುಸಿ ಮುಗಿಸಿ ವಾಯುಪಡೆ ಸೇರಿದೆ. ಮನೆಗೆ ಬಂದವರೆಲ್ಲ "ಪೈಲಟ್ ಆದ್ಯಾ?" ಅಂತಲೇ ಕೇಳಿದರು. ನಾನು ಏರ್‌ಮನ್, ಅಂದರೆ ನೆಲದ ಮೇಲೆ ವಿಮಾನದ ಕೆಲಸ ನೋಡುವವನು. ಬೆಳಗಾವಿಯ ಸಾಂಬ್ರಾದಲ್ಲಿ ಪರೇಡ್, ಚೆನ್ನೈ ಹತ್ತಿರದ ತಾಂಬರಂನಲ್ಲಿ ಎಂಜಿನ್ ಕೆಲಸದ ತರಬೇತಿ, ಆಮೇಲೆ ಬೆಂಗಳೂರಿನ ಯಲಹಂಕ ವಾಯುನೆಲೆಯ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ದೊಡ್ಡ ಶೆಡ್.

ಈಗ ಓದುತ್ತಿರುವ ಮಕ್ಕಳಿಗೆ ಇದನ್ನು ಹೇಳಬೇಕೆಂದೇ ಬರೆಯುತ್ತಿದ್ದೇನೆ: ಒಂದು ವಿಮಾನ ಏಳುವ ಮುಂಚೆ ನೆಲದ ಮೇಲೆ ಎಷ್ಟು ಜನ ದುಡಿದಿರುತ್ತಾರೆ! ನಸುಕಿನಲ್ಲಿ ನಾವು ಸಾಲಾಗಿ, ತಲೆ ತಗ್ಗಿಸಿ, ವಿಮಾನ ಓಡುವ ದಾರಿಯಲ್ಲಿ ಹರಳು ಆರಿಸುತ್ತ ನಡೆಯುತ್ತಿದ್ದೆವು. ಒಂದೇ ಒಂದು ಕಲ್ಲು ಒಳಗೆ ಹೋದರೂ ಎಂಜಿನ್ನಿನ ಬ್ಲೇಡ್ ಮುರಿಯಬಹುದು. ಹದ್ದುಗಳನ್ನು ಓಡಿಸುವವರು, ಹವಾಮಾನ ನೋಡುವವರು, ಇಂಧನದ ಟ್ಯಾಂಕರ್ ಓಡಿಸುವವರು, ಪ್ಯಾರಾಚೂಟ್ ಮಡಚುವವರು ಬೇರೆ.

ಇನ್ನು ವಾಯುಪಡೆ ಅಂದರೆ ಯುದ್ಧವೊಂದೇ ಅಲ್ಲ. ಯಲಹಂಕದಲ್ಲಿ ಎಎನ್-32 ಎಂಬ ಸಾಗಣೆ ವಿಮಾನ ಹಾರಿಸಲು ಕಲಿತವರು ಮುಂದೆ ಲಡಾಖ್‌ನಂಥ ಕಡೆ ಅಕ್ಕಿ, ಔಷಧಿ ಹೊರುತ್ತಾರೆ. 2013ರಲ್ಲಿ ಉತ್ತರಾಖಂಡ ನೆರೆಗೆ ಸಿಕ್ಕಾಗ ಹೆಲಿಕಾಪ್ಟರ್‌ಗಳಿಗೆ ಇಂಧನದ್ದೇ ಚಿಂತೆಯಾಯಿತು. ಆಗ ಸಿ-130ಜೆ ಎಂಬ ದೊಡ್ಡ ಸಾಗಣೆ ವಿಮಾನ ಅಲ್ಲಿನ ಧರಾಸುವಿನ ಕಿರಿದಾದ ರನ್‌ವೇಯಲ್ಲಿ ಇಳಿದು, ತನ್ನ ಟ್ಯಾಂಕಿನಿಂದಲೇ ಇಂಧನ ತೆಗೆದುಕೊಟ್ಟಿತು. ಅದರ ಬಲದಿಂದ ಹೆಲಿಕಾಪ್ಟರ್‌ಗಳು ಮತ್ತೆ ಬೆಟ್ಟಕ್ಕೆ ಹೋಗಿ ಜನರನ್ನು ಹೊತ್ತು ತಂದವು. ಈ ಸುದ್ದಿ ಕೇಳಿದಾಗ ಆದ ಹೆಮ್ಮೆ ನನಗೆ ಯಾವ ವೈಮಾನಿಕ ಪ್ರದರ್ಶನ ನೋಡಿದಾಗಲೂ ಆಗಿಲ್ಲ.

ಪ್ರತಿ ವಿಮಾನಕ್ಕೂ ಎಫ್-700 ಎಂಬ ದಾಖಲೆ ಪುಸ್ತಕವಿದೆ. ತಪಾಸಣೆ ಮಾಡಿದವನು ಅದರಲ್ಲಿ ಸಹಿ ಹಾಕಬೇಕು. ಅದನ್ನು ನೋಡಿ ಪೈಲಟ್ ಸಹಿ ಹಾಕಿ ವಿಮಾನ ಒಯ್ಯುತ್ತಾರೆ. ನಾನು ಮೊದಲ ಸಲ ಸಹಿ ಹಾಕಿದ ದಿನ ಊಟಕ್ಕೆ ಹೋಗಲಿಲ್ಲ. ಬಿಸಿಲಿನಲ್ಲಿ ನಿಂತು ಉತ್ತರದ ಕಡೆಯೇ ನೋಡುತ್ತಿದ್ದೆ. ಒಂದು ಹೋಗಿತ್ತು. ಒಂದು ಬಂತು.