ನೋಟಿಸ್ ಬೋರ್ಡ್ ಮುಂದೆ ಸೋದರಮಾವ

16 ನವೆಂಬರ್ 2025, ಭಾನುವಾರ
ದಾವಣಗೆರೆ

ನಾಟಕದ ರೀಡಿಂಗ್ ಮುಗಿಸಿ ಎಲ್ಲರೂ ಎದ್ದ ಮೇಲೆ ನಮ್ಮ ಹೀರೋ ಪಾತ್ರದ ಹುಡುಗ ಶುರು ಮಾಡಿದ: "ಅಣ್ಣ, ಹುಡುಗಿ ಅಪ್ಪನ ಕೈಗೆ ಒಂದು ಬಡಿಗೆ ಕೊಟ್ಬಿಡ್ರಿ. ಇಂಟರ್ವಲ್‌ಗೆ ಒಂದು ಫೈಟು ಬಂದಂಗಾಗುತ್ತೆ." ಆಗಿಂದ ಅದೇ ತಲೇಲಿ ಕೊರೀತಿದೆ. ಬಡಿಗೆ ಬಂತು ಅಂದ್ರೆ ನಗು ಹೋಯ್ತು. ಈ ಊರಲ್ಲಿ ಪ್ರೀತಿ ಮಾಡೋರಿಗೆ ಅಡ್ಡ ಬರೋದು ಪರಿಚಯದೋರು. ಅಪ್ಪನಿಗೆ ಗೊತ್ತಾಗೋದು ಎಲ್ಲರಿಗಿಂತ ಕೊನೆಗೆ.

ನಮ್ಮ ಹುಡುಗಿಯ ಡೇಟಿಂಗ್ ಆ್ಯಪ್ ತಗೊಳ್ಳಿ. ದೂರ 15 ಕಿಲೋಮೀಟರಿಗೆ ಇಟ್ಟರೆ ಹರಿಹರ ಸೇರುತ್ತೆ, 60ಕ್ಕೆ ಎಳೆದರೆ ಚಿತ್ರದುರ್ಗ. ಅಷ್ಟಾದರೂ ಮುಖಗಳು ಬೇಗ ಖಾಲಿ, ಉಳಿದವನು ಅವಳ ಚಿಕ್ಕಮ್ಮನ ಮಗ. ಟಿಂಡರ್‌ನಲ್ಲಿ ಕಾಂಟ್ಯಾಕ್ಟ್ ಬ್ಲಾಕ್ ಮಾಡಬಹುದು, ಆದರೆ ನಮ್ಮ ಫೋನಲ್ಲಿ ಸೇವ್ ಆಗಿರೋ ನಂಬರಿಂದಲೇ ಅವನೂ ಅಕೌಂಟ್ ತೆಗೆದಿರಬೇಕು. ಇವನು ತೆಗೆದಿರೋದು ಎರಡನೇ ಸಿಮ್ಮಲ್ಲಿ. ಇಬ್ಬರೂ ನೋಡಿಯಾಯ್ತು, ಇಬ್ಬರೂ ಮನೇಲಿ ಬಾಯಿ ಬಿಡೋ ಹಾಗಿಲ್ಲ. ಗೌರಿ ಹಬ್ಬದಲ್ಲಿ ಒಂದೇ ಪಂಕ್ತೀಲಿ ಊಟ. ಈ ಸೀನ್ ಯಾರು ಹೇಳಿದರೂ ಬಿಡಲ್ಲ.

ಚಾಟ್‌ನಲ್ಲಿ ಮೂರೋ ನಾಲ್ಕೋ ಮಾತಾದ ಮೇಲೆ ಹುಡುಗಿ ಕೇಳ್ತಾಳೆ, "ನಿಮ್ಮನೇಲಿ ಯಾವ ಮಠಕ್ಕೆ ನಡ್ಕೊಳ್ತಾರೆ?" ಜಾತಿ ಕೇಳಿದಂಗೂ ಆಗಲ್ಲ, ಒಳಪಂಗಡ ಸಮೇತ ಉತ್ತರ ಸಿಗುತ್ತೆ. ಬಸವಣ್ಣನ ಕಾಲದಲ್ಲಿ ಜಾತಿ ಮೀರಿ ನಡೆದ ಹರಳಯ್ಯ-ಮಧುವರಸರ ಮಕ್ಕಳ ಮದುವೆ ಬಗ್ಗೆ ಭಾಷಣ ಮಾಡಿ ಸ್ಟೀಲ್ ಲೋಟ ಗೆದ್ದವಳೇ ಇವಳು. ಹುಡುಗ: "ಭಾನುವಾರ ಚರ್ಚಿಗೆ ಹೋಗ್ತೀವ್ರಿ."

ಹುಡುಗ ಕ್ರಿಶ್ಚಿಯನ್ನೇ ಯಾಕಾಗಬೇಕು ಅಂತ ಇವತ್ತೂ ಕೇಳಿದರು. ಅದಕ್ಕೆ ಆಮೇಲೆ ಬರ್ತೀನಿ.

ಭೇಟಿ ಎಲ್ಲಿ? ಬೆಣ್ಣೆ ದೋಸೆ ಹೋಟೆಲು ಬೇಡ. ಜಾಗ ಸಿಕ್ಕರೆ ಎದುರು ಕುರ್ಚೀಲಿ ಯಾರಾದರೂ ಕೂತೇ ಕೂರ್ತಾರೆ, ಲೈಬ್ರರೀಲಿದ್ದೆ ಅಂತ ಸುಳ್ಳು ಹೇಳೋಕೆ ಕೈಯಿಂದ ಬೆಣ್ಣೆ ವಾಸನೆ ಬಿಡಲ್ಲ. ಗಾಜಿನ ಮನೇಲಿ ಭಾನುವಾರ ಸಂಸಾರಗಳ ಜಾತ್ರೆ. ಉಳಿದಿದ್ದು ದುರ್ಗ. ರೈಲಂದ್ರೆ ಚಿಕ್ಕಜಾಜೂರು ಸುತ್ತಬೇಕು, ಹಾಗಾಗಿ ಹೈವೇ, ಸ್ಕೂಟಿ. ವೇಲನ್ನ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಸುತ್ತಿಕೊಂಡರೆ ಹೆತ್ತ ತಾಯಿಗೂ ಗುರುತು ಸಿಗಲ್ಲ. ಗಾಡಿ ನಂಬರ್ ಸಿಗುತ್ತೆ. ದುರ್ಗದ ಕೆಎ 16 ಗಾಡಿಗಳ ನಡುವೆ ಚಂದ್ರವಳ್ಳೀಲಿ ನಮ್ಮ ಜಿಲ್ಲೆಯ ಒಂದು ಕೆಎ 17 ನಿಂತಿದ್ದರೆ ನಮ್ಮೂರಿನೋರು ಹತ್ತಿರ ಹೋಗಿ ನೋಡದೇ ಇರಲ್ಲ. ಕೋಟೆಗೆ ಹೋದರೆ ನವೆಂಬರಿಂದ ಶಾಲಾ ಪ್ರವಾಸದ ಬಸ್ಸುಗಳು, ಅದರಲ್ಲೊಂದು ಬಸ್ಸಿಗೆ ಅತ್ತೆಯೇ ಮೇಡಂ. ಓಬವ್ವನ ಕಿಂಡೀಲಿ ಒಂದು ಸಲಕ್ಕೆ ಒಬ್ಬರೇ ನುಸುಳೋದು. ಆ ಕಡೆಯಿಂದ ಅತ್ತೆ ತಲೆ ಹಾಕಿದರೆ ಇವಳು ಹಿಂದಕ್ಕೂ ಹೋಗಂಗಿಲ್ಲ, ಮುಂದಕ್ಕೂ ಹೋಗಂಗಿಲ್ಲ.

ಈಗ ಚರ್ಚಿನ ವಿಷಯ. ಇಬ್ಬರೂ ಹಿಂದೂಗಳಾದರೆ, ಜಾತಿ ಬೇರೆಯಾದರೂ, 1955ರ ಹಿಂದೂ ವಿವಾಹ ಕಾಯ್ದೆ ಸಾಕು. ಲಿಂಗಾಯತರ ಹೆಸರು ಅದರಲ್ಲೇ ಇದೆ. ದೇವಸ್ಥಾನದಲ್ಲಿ ಶಾಸ್ತ್ರ ಮುಗಿಸಿ ನೋಂದಣಿ ಮಾಡಿಸಿದರೆ ಆಯ್ತು, ಮುಂಗಡ ನೋಟಿಸಿಲ್ಲ. ನಾಟಕವೂ ಇಲ್ಲ. ಧರ್ಮ ಬೇರೆಯಾಗಿ, ಇಬ್ಬರೂ ಅವರವರ ಧರ್ಮದಲ್ಲೇ ಇರ್ತೀವಿ, ಚರ್ಚಿನ ಮದುವೆಯೂ ಬೇಡ ಅಂದರೆ 1954ರ ವಿಶೇಷ ವಿವಾಹ ಕಾಯ್ದೆ. ಒಬ್ಬರಾದರೂ ಆ ಜಿಲ್ಲೇಲಿ 30 ದಿನದಿಂದ ವಾಸ ಇರಬೇಕು. ಅರ್ಜಿ ಕೊಟ್ಟ ಮೇಲೆ ನೋಟಿಸು ಕಚೇರೀಲಿ ಎದ್ದು ಕಾಣೋ ಕಡೆ ಅಂಟುತ್ತೆ, ಆಕ್ಷೇಪಣೆಗೆ 30 ದಿನ.

ಅಂಟೋದು ಸಬ್ ರಿಜಿಸ್ಟ್ರಾರ್ ಕಚೇರೀಲಿ. ಸೈಟು ಮಾರೋರು, ತೋಟ ಪಾಲು ಮಾಡಿಕೊಳ್ಳೋರು, ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸೋರು, ಎಲ್ಲ ಬಂದು ಕಾಯೋದು ಅಲ್ಲೇ. ಕಾಯೋರು ಏನು ಮಾಡ್ತಾರೆ? ಗೋಡೆ ಓದ್ತಾರೆ.

ಬೆಂಗಳೂರಿಗೆ ಓಡಿಹೋಗಿ ಅಲ್ಲಿ ಅರ್ಜಿ ಹಾಕಿದರೆ ಬಚಾವಾ? ಇಲ್ಲ. ಕಾಯ್ದೆಯ 6(3) ಪ್ರಕಾರ, ಕಾಯಂ ವಿಳಾಸ ಬೇರೆ ಜಿಲ್ಲೇದಾದರೆ ನೋಟಿಸಿನ ಇನ್ನೊಂದು ಪ್ರತಿ ಆ ಜಿಲ್ಲೆಗೆ ಹೋಗಿ ಅಲ್ಲೂ ಅಂಟುತ್ತೆ. ಜೋಡಿ ಅಲ್ಲಿ ಪಿಜಿ ಹುಡುಕ್ತಿರುವಾಗ ನೋಟಿಸು ತವರಿಗೆ ಬಂದು ಕೂತಿರುತ್ತೆ! ಇದಕ್ಕಿಂತ ಒಳ್ಳೆ ಇಂಟರ್ವಲ್ ಯಾವ ಬಡಿಗೆ ಕೊಡುತ್ತೆ?

ಇಸಿ ತೆಗೆಸೋಕೆ ಬಂದ ಸೋದರಮಾವ ಓದ್ತಾನೆ, ಕನ್ನಡಕ ಒರೆಸಿ ಇನ್ನೊಂದು ಸಲ ಓದ್ತಾನೆ, ನೇರ ಒಳಗೆ ಹೋಗಿ ಆಕ್ಷೇಪಣೆ ಬರೀತಾನೆ: "ನಮಗೆ ಒಪ್ಪಿಗೆ ಇಲ್ಲ." ಅದು ಕಾರಣವೇ ಅಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿಲ್ಲ, ಮೊದಲ ಹೆಂಡತಿಯೋ ಗಂಡನೋ ಇದಾರೆ, ನಿಷಿದ್ಧ ಸಂಬಂಧ, ಮಾನಸಿಕ ಅಸ್ವಸ್ಥತೆ, ಇಂಥವೇ ಆಗಬೇಕು. ಮಾವ ಪಟ್ಟಿ ಓದಿಸಿಕೊಂಡು, ತುಂಬ ಹೊತ್ತು ಯೋಚಿಸಿ, "ಪ್ರೀತಿ ಮಾಡೋದು ಮಾನಸಿಕದಾಗೆ ಬರಲ್ವಾ ಸಾಹೇಬ್ರೆ?" ಅಂತಾನೆ. ಇದನ್ನ ಗಂಭೀರವಾಗಿ ಹೇಳೋ ನಟ ಬೇಕು. ನಮ್ಮ ಮಾವನ ಪಾತ್ರದವರು ತಾವೇ ಮೊದಲು ನಕ್ಕುಬಿಡ್ತಾರೆ.

ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ. ಆ ದಿನ ಮೂರು ಜನ ಸಾಕ್ಷಿ ಬೇಕು. ಹುಡುಗನ ಗೆಳೆಯ ಒಬ್ಬ. ಆ ಚಿಕ್ಕಮ್ಮನ ಮಗ ಒಬ್ಬ, ಎರಡನೇ ಸಿಮ್ಮಿನ ಭಯಕ್ಕಾದರೂ ಬರ್ತಾನೆ. ಮೂರನೇದಕ್ಕೆ ಹುಡುಗಿ ಅಜ್ಜಿ ಆಗಬಹುದಾ? ಇಷ್ಟಲಿಂಗ ತಪ್ಪಿಸೋಳಲ್ಲ, ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಗೆ ಮೇಣದಬತ್ತಿ ಹಚ್ಚೋದನ್ನೂ ತಪ್ಪಿಸೋಳಲ್ಲ. ಆದರೆ ಅಜ್ಜಿ ಮನೆಯಿಂದ ಹೊರಗೆ ಕಾಲಿಡಬೇಕಂದ್ರೆ ಜೊತೇಲಿ ಕರ್ಕೊಂಡು ಹೋಗೋನು ಸೋದರಮಾವನೇ.