ಟೈಪ್‌ರೈಟರಿನ ಛಂದಸ್ಸು

ಕಾಂಕ್ರೀಟ್ ಕಾವ್ಯ ಅಂದರೆ ಸೇಬಿನ ಬಗ್ಗೆ ಬರೆದ ಪದ್ಯವನ್ನು ಸೇಬಿನ ಆಕಾರಕ್ಕೆ ಜೋಡಿಸೋದು ಅಂತ ತಿಳಿದವರೇ ಹೆಚ್ಚು. ಅದು ಆಕಾರಪದ್ಯ, ಬಹಳ ಹಳೆಯದು. ಜಾರ್ಜ್ ಹರ್ಬರ್ಟನ 'ಈಸ್ಟರ್ ವಿಂಗ್ಸ್' 1633ರಲ್ಲೇ ರೆಕ್ಕೆಯಾಕಾರದಲ್ಲಿ ಅಚ್ಚಾಗಿತ್ತು. ಅಕ್ಷರಗಳನ್ನು ತಾವರೆ, ಚಕ್ರದ ಚಿತ್ರದಲ್ಲಿ ಕೂರಿಸುವ ನಮ್ಮ ಪದ್ಮಬಂಧ, ಚಕ್ರಬಂಧಗಳೂ ಒಂದು ಮಟ್ಟಿಗೆ ಆ ಕಡೆಯವೇ: ಚಿತ್ರವನ್ನು ಕಿತ್ತು ಹಾಕಿದರೂ ಛಂದಸ್ಸಿನ ವೃತ್ತದಲ್ಲಿ ಕೂತ ಪದ್ಯ ಉಳಿಯುತ್ತದೆ. ಕಾಂಕ್ರೀಟ್ ಕವಿತೆಯಲ್ಲಿ ಅಕ್ಷರಗಳು ಹಾಳೆಯ ಮೇಲೆ ಕೂತ ಬಗೆಯೇ ಕವಿತೆ. ಅದಕ್ಕೂ ಇದೇ ಪರೀಕ್ಷೆ ಒಡ್ಡಿ. ಜೋಡಣೆ ಬಿಡಿಸಿ ಮಾಮೂಲಿ ಸಾಲಾಗಿ ಬರೆದಾಗ ಏನಾದರೂ ಉಳಿದರೆ ಅದು ಕಾಂಕ್ರೀಟ್ ಅಲ್ಲ, ಅಥವಾ ಒಳ್ಳೆಯ ಕಾಂಕ್ರೀಟ್ ಅಲ್ಲ.

ಬ್ರಿಟನ್ನಿಗೆ ಈ ಗಾಳಿ ಬೀಸಿದ್ದು ಒಂದು ಪತ್ರದ ಮೂಲಕ. ಪೋರ್ಚುಗಲ್ಲಿನ ಕವಿ ಇ. ಎಂ. ದೆ ಮೆಲೊ ಇ ಕಾಸ್ತ್ರೊ ಬ್ರೆಜಿಲ್ಲಿನ ಕಾಂಕ್ರೀಟ್ ಕವಿಗಳ ಬಗ್ಗೆ ಬರೆದ ಪತ್ರ 1962ರ ಮೇ ತಿಂಗಳಲ್ಲಿ 'ಟೈಮ್ಸ್ ಲಿಟರರಿ ಸಪ್ಲಿಮೆಂಟ್'ನಲ್ಲಿ ಬಂತು. ಅದನ್ನು ಓದಿ ಎದ್ದು ಕೂತವರು ಮೂವರು: ಗ್ಲಾಸ್ಗೋದ ಎಡ್ವಿನ್ ಮಾರ್ಗನ್, ಸ್ಕಾಟ್ಲೆಂಡಿನವರೇ ಆದ ಇಯಾನ್ ಹ್ಯಾಮಿಲ್ಟನ್ ಫಿನ್ಲೇ, ಮತ್ತೆ ಗ್ಲಾಸ್ಟರ್‌ಷೈರಿನ ಪ್ರಿಂಕ್‌ನಾಶ್ ಮಠದ ಬೆನೆಡಿಕ್ಟೀನ್ ಸನ್ಯಾಸಿ ಡಾಮ್ ಸಿಲ್ವೆಸ್ಟರ್ ಹುವೆದಾರ್. 1965ರ ಹೊತ್ತಿಗೆ ಲಂಡನ್ನಿನ ಐಸಿಎ (ಸಮಕಾಲೀನ ಕಲೆಗಳ ಸಂಸ್ಥೆ)ಯಲ್ಲಿ 'ಬಿಟ್ವೀನ್ ಪೊಯೆಟ್ರಿ ಅಂಡ್ ಪೇಂಟಿಂಗ್' ಎಂಬ ಪ್ರದರ್ಶನವೇ ನಡೆಯಿತು. ಚರಿತ್ರೆ ಇಷ್ಟು ಸಾಕು. ಹೆಚ್ಚಿನ ಪರಿಚಯ ಲೇಖನಗಳು ಪಂಥ, ಪ್ರಣಾಳಿಕೆಗಳಲ್ಲೇ ಮುಗಿದುಹೋಗುತ್ತವೆ. ಕವಿತೆ ತಯಾರಾಗುತ್ತಿದ್ದದ್ದು ಯಂತ್ರದ ಮೇಲೆ, ಹಾಗಾಗಿ ಯಂತ್ರದ ಅಳತೆಯೇ ಅದರ ಛಂದಸ್ಸು.

ಅಳತೆ ಹೀಗಿದೆ. ಪೈಕಾ ಟೈಪ್‌ರೈಟರಿನಲ್ಲಿ ಇಂಚಿಗೆ 10 ಅಕ್ಷರ, ಎಲೀಟಿನಲ್ಲಿ 12. ಎರಡರಲ್ಲೂ ಇಂಚಿಗೆ 6 ಸಾಲು. 'ಐ' ಇರಲಿ 'ಎಂ' ಇರಲಿ, ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ. ಆಗಿನ ಬ್ರಿಟನ್ನಿನಲ್ಲಿ ಬಳಕೆಯಲ್ಲಿದ್ದ ಕ್ವಾರ್ಟೊ ಹಾಳೆ 8 ಇಂಚು ಅಗಲ, 10 ಇಂಚು ಉದ್ದ. ಪೈಕಾದಲ್ಲಿ ಅದು 80 ಕಂಬ (ಮೇಲಿಂದ ಕೆಳಕ್ಕೆ ನಿಂತ ಮನೆಗಳ ಸಾಲು), 60 ಸಾಲು, ಒಟ್ಟು 4,800 ಮನೆ. ಆದರೆ ಮನೆ ಚೌಕ ಅಲ್ಲ, ಅಗಲಕ್ಕಿಂತ ಎತ್ತರ ಹೆಚ್ಚು. ಹೊಸಬರು ಎಡವುವುದು ಇಲ್ಲೇ. ಹತ್ತು ಅಕ್ಷರ, ಹತ್ತು ಸಾಲು ಹೊಡೆದರೆ ನೆಟ್ಟಗೆ ನಿಂತ ಆಯತ ಬರುತ್ತದೆ. ಚೌಕ ಬೇಕಿದ್ದರೆ ಹತ್ತು ಅಕ್ಷರಕ್ಕೆ ಆರೇ ಸಾಲು. ಸಾಲಿಗೊಂದು ಮನೆ ಸರಿದು ಓರೆಗೆರೆ ಎಳೆದರೆ ಅದು ಸುಮಾರು 59 ಡಿಗ್ರಿ ಕಡಿದಾಗಿ ಇಳಿಯುತ್ತದೆ. 45 ಡಿಗ್ರಿಗೆ ಮೂರು ಸಾಲಿಗೆ ಐದು ಮನೆ ಸರಿಯಬೇಕು, ಅಂದರೆ ಗೆರೆ ಅಲ್ಲಲ್ಲಿ ಮುರಿಯುತ್ತದೆ.

ಹುವೆದಾರ್ ಮೇಷ್ಟ್ರಾದದ್ದು ಈ ಮುರುಕಿನಿಂದ ತಪ್ಪಿಸಿಕೊಳ್ಳುವುದರಲ್ಲಿ. ಅವರ ಯಂತ್ರ ಒಲಿವೆಟ್ಟಿ ಲೆಟ್ಟೆರಾ 22, ಕೈಯಲ್ಲಿ ಹಿಡಿದು ಓಡಾಡಬಹುದಾದ ಪುಟ್ಟ ಟೈಪ್‌ರೈಟರ್. ಅದರಲ್ಲಿ ಮೂಡಿಸಬಹುದಾದ ಗುರುತು 86 ಮಾತ್ರ. ಅಷ್ಟರಲ್ಲೇ ಗಾಳಿಯಲ್ಲಿ ತೇಲುವ ಮೆಟ್ಟಿಲು, ಮಡಿಸಿದ ಪರದೆ, ಪಾರದರ್ಶಕ ಪೆಟ್ಟಿಗೆಗಳನ್ನು ಕಟ್ಟಿದರು. ಇವಕ್ಕೆ 'ಟೈಪ್‌ಸ್ಟ್ರ್ಯಾಕ್ಟ್' ಅಂತ ಹೆಸರಿಟ್ಟದ್ದು ಮಾರ್ಗನ್. ಹುವೆದಾರ್ ತಮ್ಮ ಹೆಸರನ್ನು ಸಣ್ಣಕ್ಷರದ ಮೂರು ಅಕ್ಷರಕ್ಕೆ ಇಳಿಸಿ ಸಹಿ ಮಾಡುತ್ತಿದ್ದರು. ಸನ್ಯಾಸಿಗೆ ಒಪ್ಪುವ ಮಿತವ್ಯಯ.

ಇಂಥದ್ದನ್ನು ಹೊಡೆಯಬೇಕು ಅನ್ನುವವರು ಕೈಗೆ ಕಲಿಸಬೇಕಾದ ಸಂಗತಿ ಕೆಲವಿವೆ. ರೋಲರಿನ ಹಲ್ಲುಗಾಲಿಯ ಹಿಡಿತ ಬಿಡಿಸಿದರೆ ಅದು ಸಾಲಿನ ಲೆಕ್ಕವಿಲ್ಲದೆ ಎಷ್ಟು ಬೇಕೋ ಅಷ್ಟೇ ತಿರುಗುತ್ತದೆ. ಗುರುತುಗಳನ್ನು ಕೂದಲೆಳೆ ಅಂತರದಲ್ಲಿ ಒಂದರ ಮೇಲೊಂದು ಕೂರಿಸಬಹುದು. ಹಾಳೆಯನ್ನೇ ಓರೆಯಾಗಿ ತೂರಿಸಿದರೆ ಓರೆಗೆರೆ ಮುರಿಯದೆ ಬರುತ್ತದೆ. ಬಣ್ಣಕ್ಕೆ ಕಾರ್ಬನ್: ರಿಬ್ಬನ್ನಿನ ಗುಂಡಿಯನ್ನು ಸ್ಟೆನ್ಸಿಲ್ ಗುರುತಿಗೆ ತಂದರೆ ರಿಬ್ಬನ್ ಮೇಲೇಳುವುದಿಲ್ಲ. ಆಗ ಹಾಳೆಯ ಮೇಲೆ ಬಣ್ಣದ ಕಾರ್ಬನ್ನನ್ನು ಮಸಿಯ ಮುಖ ಕೆಳಗಾಗಿ ಇಟ್ಟು ಹೊಡೆಯಬೇಕು. ರಿಬ್ಬನ್ನಿನ ಬಟ್ಟೆಯ ನೇಯ್ಗೆ ಕಾಣದ, ಚೂಪಾದ ಗುರುತು ಬರುತ್ತದೆ. ಹಳೆಯ ರಿಬ್ಬನ್ನು, ಹೊಸ ರಿಬ್ಬನ್ನು ಎರಡೂ ಬೇಕು, ಬೂದು ಮತ್ತು ಕಪ್ಪು ಅಲ್ಲಿಂದಲೇ ಸಿಗುವುದು.

ಕೆಡುವುದು ಎಲ್ಲಿ? ಮುಖ್ಯವಾಗಿ ಮೂರು ಕಡೆ. ರೋಲರನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿದ್ದರೆ ಹಾಳೆ ಜಾರಿ ಎರಡನೇ ಪದರ ಕೂದಲೆಳೆಯಷ್ಟು ತಪ್ಪುತ್ತದೆ, ಯಾಕೆಂದರೆ ಹಾಳೆ ಒತ್ತಿಹಿಡಿಯುವ ರಬ್ಬರ್ ಉರುಳೆಗಳಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಪ್ರತಿ ಸಲವೂ ಒಂದೇ ದಿಕ್ಕಿನಿಂದ ಸಾಲಿಗೆ ಬಂದು ನಿಂತರೆ ಆ ಸಡಿಲ ಲೆಕ್ಕಕ್ಕೆ ಬರುವುದಿಲ್ಲ. ಪೂರ್ಣವಿರಾಮ, ಅಡ್ಡಗೀಟು ಹಾಳೆಯನ್ನೇ ತೂತು ಮಾಡುತ್ತವೆ. 'ಎಂ'ಗೆ ಹಾಕುವ ಪೆಟ್ಟನ್ನೇ ಚುಕ್ಕಿಗೂ ಹಾಕಿದರೆ ಅಷ್ಟೂ ಬಲ ಸಾಸಿವೆಯಷ್ಟು ಜಾಗದಲ್ಲಿ ಬೀಳುತ್ತದಲ್ಲ. ರೋಲರಿನ ರಬ್ಬರ್ ಹಳೆಯದಾಗಿ ಗಟ್ಟಿಯಾಗಿದ್ದರಂತೂ ಕೇಳುವುದೇ ಬೇಡ. ಹಿಂದೆ ಇನ್ನೊಂದು ಹಾಳೆ ಕೊಟ್ಟು, ಚುಕ್ಕಿಗೆ ಬೆರಳು ಹಗುರ ಮಾಡಬೇಕು. ಇನ್ನು ಕಾರ್ಬನ್: ಒಂದು ಜಾಗಕ್ಕೆ ಪೆಟ್ಟು ಬಿದ್ದಾಗ ಅಲ್ಲಿನ ಮಸಿ ಹೋಗಿರುತ್ತದೆ. ಅದೇ ಜಾಗ ಮತ್ತೆ ಬಂದರೆ ಗುರುತಿನ ನಡುವೆ ಹಳೆಯ ಅಕ್ಷರದ ಬಿಳಿ ನೆರಳು. ಬೇಕೆಂದೇ ಹಾಗೆ ಮಾಡಿದರೆ ಚಂದ, ಗೊತ್ತಿಲ್ಲದೆ ಆದರೆ ಕೊಳಕು.

ಕವಿ ಬಾಬ್ ಕಾಬಿಂಗ್ ಹುವೆದಾರರ ಈ ಅಚ್ಚುಕಟ್ಟಿಗೆ ತದ್ವಿರುದ್ಧ. ಲಂಡನ್ನಿನ ಚೇರಿಂಗ್ ಕ್ರಾಸ್ ರಸ್ತೆಯ ಬೆಟರ್ ಬುಕ್ಸ್ ಅಂಗಡಿ ನೋಡಿಕೊಂಡಿದ್ದ, 'ರೈಟರ್ಸ್ ಫೋರಂ' ಹೆಸರಲ್ಲಿ ಸಾವಿರಕ್ಕೂ ಹೆಚ್ಚು ಪುಸ್ತಿಕೆ ಹೊರತಂದ ಮನುಷ್ಯ. ಅವರ ಸಲಕರಣೆ ಡೂಪ್ಲಿಕೇಟರ್, ಹಿಂದೆ ನಮ್ಮ ಕಚೇರಿಗಳಲ್ಲಿ ಪ್ರತಿ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್. ಮೇಣದ ಸ್ಟೆನ್ಸಿಲ್ ಮೇಲೆ ಅಕ್ಷರ ಕೊರೆದು ಹೋಗುತ್ತದೆ, ಆ ಕಿಂಡಿಯಿಂದ ಮಸಿ ಕಾಗದಕ್ಕೆ ಇಳಿಯುತ್ತದೆ. ಜೋರಾಗಿ ಹೊಡೆದರೆ 'ಓ'ದ ಹೊಟ್ಟೆಯೇ ಉದುರಿ ಕಪ್ಪು ಗುಂಡು ಉಳಿಯುತ್ತದೆ. ಒಂದೇ ಜಾಗಕ್ಕೆ ಎರಡು ಪೆಟ್ಟು ಬಿದ್ದರೆ ಮೇಣ ಹರಿಯುತ್ತದೆ. ಮಸಿ ಒಣಗುವ ಮೊದಲೇ ಹಾಳೆಗಳು ಒಂದರ ಮೇಲೊಂದು ಬಿದ್ದರೆ ಮೇಲಿನದರ ಬೆನ್ನಿಗೆ ಕೆಳಗಿನದರ ಪಡಿಯಚ್ಚು. ಗುಮಾಸ್ತನಿಗೆ ಇವೆಲ್ಲ ತಲೆನೋವು, ಕಾಬಿಂಗ್‌ಗೆ ಕಚ್ಚಾಸಾಮಗ್ರಿ. ಆ ಕಲೆ, ಹರಕು, ಮಸುಕುಗಳನ್ನೇ ಸ್ವರಲಿಪಿ ಅಂತ ಮುಂದಿಟ್ಟುಕೊಂಡು ಗಟ್ಟಿಯಾಗಿ ಹಾಡಿ, ಗುಟುರು ಹಾಕಿ ಓದುತ್ತಿದ್ದರು. ಹುವೆದಾರರ ಪದರಗಳು ಸ್ಟೆನ್ಸಿಲ್ಲಿನಲ್ಲಿ ಬದುಕಲಾರವು. ಕಾಬಿಂಗ್‌ರ ಮಸಿಕಲೆಗಳು ನುಣುಪಾದ ಆಫ್‌ಸೆಟ್ ಮರುಮುದ್ರಣದಲ್ಲಿ ಅರ್ಧ ಸತ್ತಿರುತ್ತವೆ.

ಮಾರ್ಗನ್‌ರ 'ಮೆಸೇಜ್ ಕ್ಲಿಯರ್' ಬೇರೆ ಬಗೆಯ ಲೆಕ್ಕ. 'ಐ ಆಮ್ ದ ರೆಸರಕ್ಷನ್ ಅಂಡ್ ದ ಲೈಫ್' (i am the resurrection and the life) ಎಂಬ ಬೈಬಲ್ ವಾಕ್ಯ ತಳಸಾಲು, ಪದಗಳ ನಡುವಿನ ಜಾಗ ಬಿಟ್ಟರೆ ಅದರಲ್ಲಿ 28 ಅಕ್ಷರ. ಮೇಲಿನ ಪ್ರತಿ ಸಾಲೂ ಅದರ ಕೆಲವು ಅಕ್ಷರ ಉಳಿಸಿಕೊಂಡು ಉಳಿದದ್ದನ್ನು ಅಳಿಸುತ್ತದೆ. ನಿಯಮ ಒಂದೇ: ಉಳಿದ ಅಕ್ಷರ ತನ್ನ ಕಂಬ ಬಿಟ್ಟು ಕದಲುವಂತಿಲ್ಲ. 'ಹೀರೋ' ಪದದ ಎಚ್-ಇ-ಆರ್-ಓ ತೆಗೆಯಬೇಕು ಅಂತಿಟ್ಟುಕೊಳ್ಳಿ. ಇಡೀ ವಾಕ್ಯದಲ್ಲಿ 'ಓ' ಇರುವುದು 17ನೇ ಮನೆಯಲ್ಲಿ ಮಾತ್ರ. ಅದಕ್ಕಿಂತ ಮುಂಚಿನ 'ಎಚ್' 5ನೆಯದೊಂದೇ. ಹಾಗಾಗಿ ಎರಡು ತುದಿಯೂ ಮೊದಲೇ ನಿಗದಿ. ನಡುವೆ 'ಇ'ಗೆ 6 ಅಥವಾ 8, 'ಆರ್'ಗೆ 7, 11, 12. ಕ್ರಮ ತಪ್ಪದಂತೆ ಜೋಡಿಸಿದರೆ ಒಟ್ಟು ಐದು ದಾರಿ. 6, 7 ಆರಿಸಿದರೆ ಪದ ಒಟ್ಟಿಗೆ ಬಂದು 'ಓ' ಮಾತ್ರ ದೂರ ಉಳಿಯುತ್ತದೆ. 8, 12 ಆರಿಸಿದರೆ ಪದ ತೊದಲುತ್ತದೆ. ಕವಿಯ ಕಸುಬು ಈ ತೊದಲನ್ನು ಎಲ್ಲಿ ಇಡಬೇಕು ಅನ್ನುವುದರಲ್ಲಿದೆ. ಅಂತರ್ಜಾಲದಲ್ಲಿ ಹಲವರು ಇದನ್ನು ಅಗಲ ಏರುಪೇರಾಗುವ ಫಾಂಟಿನಲ್ಲಿ ನಕಲಿಸಿ ಅಂಟಿಸುತ್ತಾರೆ. ಕಂಬಗಳು ಕಲೆಸಿ, ತಳಸಾಲು ಎದ್ದು ಬರುವ ಕೊನೆಯ ಕ್ಷಣ ಕೈಕೊಡುತ್ತದೆ. ಇದು ಮಾತ್ರೆ ತಪ್ಪಿಸಿ ಷಟ್ಪದಿ ಓದಿದ ಹಾಗೆ.

ಫಿನ್ಲೇಗೆ ಟೈಪ್‌ರೈಟರ್ ಸಾಲಲಿಲ್ಲ. 1962ರಿಂದ 67ರವರೆಗೆ 25 ಸಂಚಿಕೆ ನಡೆಸಿದ ಅವರ ಪತ್ರಿಕೆ 'ಪೂರ್. ಓಲ್ಡ್. ಟೈರ್ಡ್. ಹಾರ್ಸ್.' ಕೊನೆಗೆ ಒಂದು ಪದದ ಕವಿತೆಗಳಿಗೆ ಬಂದು ನಿಂತಿತು: ಶೀರ್ಷಿಕೆ ಎಷ್ಟುದ್ದವಾದರೂ ಇರಲಿ, ಕವಿತೆ ಒಂದೇ ಪದ. ಆಮೇಲೆ ಪದಗಳು ಗಾಜಿಗೆ, ಮರಕ್ಕೆ, ಕಲ್ಲಿಗೆ ಹೋದವು. 1966ರಲ್ಲಿ ಸೇರಿದ ಸ್ಟೋನಿಪಾತ್ ಜಮೀನು ಮುಂದೆ ಲಿಟಲ್ ಸ್ಪಾರ್ಟಾ ತೋಟವಾಯಿತು. ಕೆತ್ತಿದವರು ಮೈಕೆಲ್ ಹಾರ್ವಿಯಂಥ ಅಕ್ಷರಶಿಲ್ಪಿಗಳು, ಅಳತೆ ಹೇಳಿದವರು ಫಿನ್ಲೇ. ಕಲ್ಲಿಗೆ ಬ್ಯಾಕ್‌ಸ್ಪೇಸ್ ಇಲ್ಲ. ಅಲ್ಲಿ ಬೆಳಕು ಮಸಿಯ ಕೆಲಸ ಮಾಡುತ್ತದೆ, ಸೂರ್ಯ ಓರೆಯಾದಾಗ ಓದಿಸಿಕೊಳ್ಳುವ ಸಾಲು ನೆತ್ತಿಗೆ ಬಂದಾಗ ಮಾಸುತ್ತದೆ. ನನ್ನ ಲೆಕ್ಕಕ್ಕೆ ನಾಲ್ವರಲ್ಲಿ ದೊಡ್ಡ ಕವಿ ಇವರೇ, ದೊಡ್ಡ ಕೈಚಳಕದವರು ಹುವೆದಾರ್.

ಮಾರ್ಗನ್‌ರ ಆಟ ಕನ್ನಡದಲ್ಲಿ ಆಡಬೇಕಿದ್ದರೆ ಫಾಂಟನ್ನು ನಂಬಬೇಡಿ, ನಮ್ಮ ಅಕ್ಷರಗಳ ಅಗಲ ಒಂದೊಂದು ಥರ. ಕೋಷ್ಟಕ ಮಾಡಿ ಮನೆಗೊಂದು ಅಕ್ಷರ ಇಡಿ. ಒತ್ತು, ಗುಣಿತ, ಸೊನ್ನೆ ಎಲ್ಲ ಸೇರಿಯೇ ಒಂದು. ಗುಣಿತ ಬಿಡಿಸಲು ಶುರು ಮಾಡಿದರೆ ಏನು ಬೇಕಾದರೂ ಹುಟ್ಟುತ್ತದೆ, ಆಟದ ಬಿಗಿ ಹೋಗುತ್ತದೆ. ಉದಾಹರಣೆಗೆ 'ಮಳೆ ಬರಲಿ ಎಂದು ಕಾದೆ', ಒಂಬತ್ತು ಮನೆ. 3, 4ರಲ್ಲಿ 'ಬರ' ಇದೆ. 1, 4ರಲ್ಲಿ 'ಮರ'. 3, 5, 6, 9 ಉಳಿಸಿದರೆ 'ಬಲಿ ಎಂದೆ'. ಖಾಲಿ ಮನೆಗಳನ್ನು ಮುಚ್ಚಬೇಡಿ, ಅಕ್ಷರ ಸರಿಸಬೇಡಿ, ಒಂಬತ್ತೂ ಮನೆ ತುಂಬುವುದು ಕಟ್ಟಕಡೆಯ ಸಾಲಿನಲ್ಲಿ ಮಾತ್ರ.