ಬೂತಾಯಿಯ ಜಾಡು ಹಿಡಿದು ಗ್ರಂಥಾಲಯದಲ್ಲಿ

ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವ ಅಕ್ಕನ ಮಗಳು ಕಿರುಪ್ರಬಂಧಕ್ಕೆ ಆರಿಸಿಕೊಂಡದ್ದು ಬೂತಾಯಿ ಮೀನಿನ ಏರಿಳಿತ ಮತ್ತು ಮಲ್ಪೆಯ ಸಣ್ಣ ಮೀನುಗಾರರ ಆದಾಯ ಎಂಬ ವಿಷಯವನ್ನು. ಅದಕ್ಕೆ ಬೇಕಾದ ಸಂಶೋಧನಾ ಲೇಖನಗಳನ್ನು ಹುಡುಕಲು ಕಳೆದ ಮಳೆಗಾಲದ ಒಂದು ಶನಿವಾರ ಅವಳೊಂದಿಗೆ ಮಂಗಳೂರಿನ ಕಾಲೇಜೊಂದರ ಗ್ರಂಥಾಲಯಕ್ಕೆ ಹೋಗಿದ್ದೆ. ಚಂದಾ ಕಟ್ಟಿ ಓದಬೇಕಾದ ಪತ್ರಿಕೆಗಳ ಪೂರ್ಣ ಲೇಖನ ತೆರೆಯಬೇಕಾದರೆ ಸಂಸ್ಥೆಯ ಜಾಲದೊಳಗೆ ಇರಬೇಕು, ಇಲ್ಲವೇ ಸಂಸ್ಥೆ ಕೊಟ್ಟ ಲಾಗಿನ್ ಬೇಕು. 2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ ಸುಮಾರು 13,000 ಪತ್ರಿಕೆಗಳಿವೆಯಾದರೂ ಮೊದಲ ಹಂತದಲ್ಲಿ ಅವು ಸಿಕ್ಕಿರುವುದು ಸರಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜುಗಳೇ ತುಂಬಿರುವ ನಮ್ಮ ಕರಾವಳಿಗೆ ಇದು ಸಣ್ಣ ಸಂಗತಿಯಲ್ಲ.

ಹುಡುಗಿ ಮೊದಲು ಲೇಖನಗಳ ದತ್ತಾಂಶಕೋಶದ ಹುಡುಕಾಟದ ಪೆಟ್ಟಿಗೆಯಲ್ಲಿ ‘ಬೂತಾಯಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು, ಏನೂ ಬರಲಿಲ್ಲ. ಅದರ ಇಂಗ್ಲಿಷ್ ಹೆಸರು ‘ಸಾರ್ಡೀನ್’ ಎಂದಾಗ ಮೆಡಿಟರೇನಿಯನ್, ಜಪಾನ್, ಡಬ್ಬಿಯ ಮೀನು, ಮೀನೆಣ್ಣೆ ಮಾತ್ರೆ ಎಲ್ಲವೂ ಒಟ್ಟಿಗೆ ಬಂದವು. ಹಿಂದೆ ನಿಂತು ನೋಡುತ್ತಿದ್ದ ಗ್ರಂಥಪಾಲಕಿ, “ಹಾಗೆ ಕೇಳಿದರೆ ಅದಕ್ಕೆ ಅರ್ಥ ಆಗುವುದಿಲ್ಲ ಮಾರಾಯ್ತಿ, ಮೀನಿಗೆ ಅದರ ಶಾಸ್ತ್ರದ ಹೆಸರು ಕೊಡು” ಎಂದು ಕುರ್ಚಿ ಎಳೆದುಕೊಂಡರು. ‘ಸಾರ್ಡಿನೆಲ್ಲಾ ಲಾಂಜಿಸೆಪ್ಸ್’ ಎಂಬುದನ್ನು ಎರಡು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು, ಎರಡರಲ್ಲಿ ಯಾವುದಿದ್ದರೂ ಸರಿ ಎಂಬರ್ಥದ ‘ಆರ್’ ಬರೆದು, ಹಳೆಯ ಬರಹಗಳಲ್ಲಿ ಬಳಕೆಯಲ್ಲಿದ್ದ ‘ಕ್ಲುಪಿಯಾ ಲಾಂಜಿಸೆಪ್ಸ್’ ಎಂಬ ಹೆಸರನ್ನೂ ಸೇರಿಸಿದರು. ಅವೆರಡನ್ನೂ ಆವರಣದೊಳಗೆ ಇಟ್ಟ ಮೇಲೆಯೇ, ಇದರ ಜೊತೆ ಅದೂ ಇರಲೇಬೇಕು ಎಂಬರ್ಥದ ‘ಆಂಡ್’ ಹಾಕಿ ಕರ್ನಾಟಕ, ಕೇರಳ, ಮಲಬಾರ್ ಎಂಬ ಸ್ಥಳನಾಮಗಳನ್ನು ಅದೇ ರೀತಿ ಪೋಣಿಸಿದರು. ‘ಫಿಶರ್’ ಎಂಬಲ್ಲಿಗೆ ನಿಲ್ಲಿಸಿ ನಕ್ಷತ್ರ ಚಿಹ್ನೆ ಇಟ್ಟರೆ ಫಿಶರಿ, ಫಿಶರೀಸ್, ಫಿಶರ್‌ಮೆನ್ ಮೂರೂ ಸಿಗುತ್ತವೆ ಎಂಬುದನ್ನು ಅಂದೇ ನೋಡಿದೆ. ಪಟ್ಟಿ ಓದಿ ಮುಗಿಸಬಹುದಾದಷ್ಟು ಚಿಕ್ಕದಾಯಿತು.

ಆದರೆ ನನ್ನ ಪಾಲಿಗೆ ಅಂದಿನ ನಿಜವಾದ ಶೋಧ ನಡೆದದ್ದು ಹುಡುಕಾಟದ ಪೆಟ್ಟಿಗೆಯ ಹೊರಗೆ. ಸಿಕ್ಕ ಲೇಖನಗಳ ಕೊನೆಯ ಉಲ್ಲೇಖಪಟ್ಟಿಗಳಲ್ಲಿ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಅವರು ಮದ್ರಾಸ್ ಮೀನುಗಾರಿಕಾ ಇಲಾಖೆಗಾಗಿ 1920ರ ದಶಕದಲ್ಲಿ ಬರೆದ ಬೂತಾಯಿಯ ಜೀವನಚರಿತ್ರೆ ಮತ್ತೆ ಮತ್ತೆ ಎದುರಾಗುತ್ತಿತ್ತು. ಹಳೆಯದರ ಕಡೆಗೆ ಹೀಗೆ ಹೋಗಬಹುದು. ಒಂದು ಲೇಖನವನ್ನು ಮುಂದೆ ಯಾರೆಲ್ಲ ಉಲ್ಲೇಖಿಸಿದ್ದಾರೆ ಎಂಬ ಕೊಂಡಿ ಒತ್ತಿ ಈಚಿನದರ ಕಡೆಗೂ ಬರಬಹುದು. ಹಾಗೆ ಹಿಂದೆ ಮುಂದೆ ಓಡಾಡಿದ ಮೇಲೆ, ಬೂತಾಯಿ ಈಗ ಹೊಸದಾಗಿ ಕಾಣೆಯಾಗುತ್ತಿದೆ ಎಂಬ ನಮ್ಮ ಊಹೆ ಸಡಿಲವಾಯಿತು. 1940ರ ದಶಕದಲ್ಲೂ ಅದು ತೀರಾ ಕುಸಿದಿತ್ತು. ಕೇರಳದಲ್ಲಿ 2012ರಲ್ಲಿ ದಾಖಲೆ ಪ್ರಮಾಣದ ಬೂತಾಯಿ ಬಲೆಗೆ ಬಿದ್ದು, ಮುಂದಿನ ವರ್ಷಗಳಲ್ಲಿ ಅದು ಇಳಿದುಹೋಯಿತು. ಮುಂಗಾರಿನಲ್ಲಿ ಸಮುದ್ರದ ತಳದ ತಂಪು ನೀರು ಮೇಲೆದ್ದು ತರುವ ಪೋಷಕಾಂಶ, ಅದರಿಂದ ಹೆಚ್ಚುವ ಸೂಕ್ಷ್ಮ ಸಸ್ಯಗಳು, ಪೆಸಿಫಿಕ್ ಸಾಗರದ ಮೇಲ್ಮೈ ನೀರು ಬಿಸಿಯಾಗುವ ಎಲ್ ನಿನೊ, ಅತಿಯಾದ ಮೀನುಗಾರಿಕೆ ಎಂದು ಕಾರಣಗಳ ಚರ್ಚೆ ಹರಡಿಕೊಂಡಿದೆ. ಒಂದರ ಮೇಲೆ ಮಾತ್ರ ಹೊರೆ ಹೊರಿಸುವ ಲೇಖನವನ್ನು ನಾನಾದರೆ ಎರಡು ಬಾರಿ ಓದುತ್ತೇನೆ.

ಈ ಹಳೆಯ ಬರಹಗಳಲ್ಲಿ ಅನೇಕವು ದುಬಾರಿ ದತ್ತಾಂಶಕೋಶಗಳಲ್ಲಿ ಸಿಗಲಿಲ್ಲ. ಮಂಗಳೂರಿನಲ್ಲೂ ಕೇಂದ್ರವಿರುವ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮುಕ್ತ ಭಂಡಾರದಲ್ಲಿ ಅವು ಉಚಿತವಾಗಿಯೇ ಇದ್ದವು.

ಆದಾಯದ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು, ಏಕೆಂದರೆ ಮೀನಿನ ಶಾಸ್ತ್ರಜ್ಞರು ಲೆಕ್ಕ ಇಡುವುದು ಟನ್ನುಗಳಲ್ಲಿ, ರೂಪಾಯಿಯಲ್ಲಿ ಅಲ್ಲ. ಸಮಾಜವಿಜ್ಞಾನದ ದತ್ತಾಂಶಕೋಶಕ್ಕೆ ಬಂದು, ಹುಡುಗಿ ಸುಮ್ಮನೆ ‘ರಂಪಣಿ’ ಎಂದು ಬರೆದಳು. ಬೂತಾಯಿಗೆ ಸಿಗದ ಮರ್ಯಾದೆ ರಂಪಣಿಗೆ ಸಿಕ್ಕಿತ್ತು: ದಡದಿಂದ ಹತ್ತಾರು ಜನ ಎಳೆಯುವ ಆ ಬಲೆಯ ಹೆಸರನ್ನು ಸಂಶೋಧಕರು ಹಾಗೆಯೇ ಉಳಿಸಿಕೊಂಡಿದ್ದಾರೆ. 1970ರ ದಶಕದ ಉತ್ತರಾರ್ಧದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದು ರಂಪಣಿಯವರ ಪಾಲನ್ನು ಕಸಿದದ್ದು, ಅದರಿಂದೆದ್ದ ಜಗಳ, ದುಡಿಮೆಯ ಹಂಚಿಕೆ ಬದಲಾದ ಬಗೆ ಇವೆಲ್ಲದರ ಬಗ್ಗೆ ಬರಹಗಳು ತೆರೆದುಕೊಂಡವು. 2012ರಿಂದ ಆರಂಭಿಸಬೇಕೆಂದಿದ್ದ ಪ್ರಬಂಧದ ಕಾಲಾವಧಿಯನ್ನು ಅವಳು ಅಲ್ಲೇ ಹೊಡೆದುಹಾಕಿ, 1975 ಎಂದು ಬರೆದುಕೊಂಡಳು.